ಮಗುವಿನ ಚಲನವಲನದ ಬೆಳವಣಿಗೆ: ಹೆತ್ತವರು ಗಮನಿಸಬೇಕಾದ ಹೆಜ್ಜೆಗಳು

ಜ್ಞಾನಸ್ನಾನಕ್ಕೆಂದು ತಾಯಿಯ ತೋಳಿನಲ್ಲಿ ಚರ್ಚಿಗೆ ಬಂದ ಮಗು, ಒಂದೆರಡು ವರ್ಷಗಳಲ್ಲಿ ಮೊಂತಿ ಹಬ್ಬದ ದಿನ ಹೂವಿನ ಬುಟ್ಟಿ ಹಿಡಿದು ಕನ್ಯಾಮಾತೆಯ ಬಳಿಗೆ ತಾನೇ ನಡೆದು ಬರುತ್ತದೆ. ಈ ಅಲ್ಪಾವಧಿಯಲ್ಲಿ ಅದು ಕುತ್ತಿಗೆ ನಿಲ್ಲಿಸಲು, ಕವುಚಲು, ಕುಳಿತುಕೊಳ್ಳಲು, ನಿಲ್ಲಲು, ನಡೆಯಲು ಕಲಿತಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದೆಲ್ಲವೂ ತಾನಾಗಿಯೇ ಆಗುತ್ತದೆ. ಆದರೆ ಕೆಲವು ಮಕ್ಕಳಿಗೆ ನೆರವು ಬೇಕಾಗುತ್ತದೆ. ಅಂತಹ ಮಕ್ಕಳನ್ನು ಬೇಗನೆ ಗುರುತಿಸುವುದು ಹೆತ್ತವರ ಹಾಗೂ ನಮ್ಮೆಲ್ಲರ ಕರ್ತವ್ಯವಾಗಿದೆ.

ಯಾವ ವಯಸ್ಸಿಗೆ ಏನು?

ಬೆಳವಣಿಗೆಯು ತಲೆಯಿಂದ ಕಾಲಿನ ಕಡೆಗೆ ಸಾಗುತ್ತದೆ. ಮೊದಲು ಕುತ್ತಿಗೆ, ಬಳಿಕ ಬೆನ್ನು, ಅನಂತರ ಸೊಂಟ ಮತ್ತು ಕಾಲುಗಳು ಹತೋಟಿಗೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ 5 ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುತೇಕ ಎಲ್ಲ ಮಕ್ಕಳೂ ಈ ಹೆಜ್ಜೆಗಳನ್ನು ಮುಟ್ಟುವ ಅವಧಿ ಹೀಗಿದೆ:

- ಆಧಾರವಿಲ್ಲದೆ ಕುಳಿತುಕೊಳ್ಳುವುದು: 3.8ರಿಂದ 9.2 ತಿಂಗಳು
- ಹಿಡಿದುಕೊಂಡು ನಿಲ್ಲುವುದು: 4.8ರಿಂದ 11.4 ತಿಂಗಳು
- ಅಂಬೆಗಾಲಿಡುವುದು: 5.2ರಿಂದ 13.5 ತಿಂಗಳು
- ಹಿಡಿದುಕೊಂಡು ನಡೆಯುವುದು: 5.9ರಿಂದ 13.7 ತಿಂಗಳು
- ತಾನಾಗಿ ನಿಲ್ಲುವುದು: 6.9ರಿಂದ 16.9 ತಿಂಗಳು
- ತಾನಾಗಿ ನಡೆಯುವುದು: 8.2ರಿಂದ 17.6 ತಿಂಗಳು

ಈ ಅಂತರ ಎಷ್ಟು ದೊಡ್ಡದೆಂಬುದನ್ನು ಗಮನಿಸಿ. ಒಂದು ಮಗು 10 ತಿಂಗಳಿಗೆ ನಡೆದರೆ ಇನ್ನೊಂದು 16 ತಿಂಗಳಿಗೆ ನಡೆಯಬಹುದು. ಎರಡೂ ಸರಿಯೇ. ಆದ್ದರಿಂದ ಪಕ್ಕದ ಮನೆಯ ಮಗುವಿನೊಂದಿಗೆ ನಮ್ಮ ಮಗುವನ್ನು ಹೋಲಿಸಿ ಕೊರಗಬೇಕಾಗಿಲ್ಲ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಲ್ಲುವುದೂ ಉಂಟು. ಆದರೆ ಅವಧಿಯ ಕೊನೆ ದಾಟಿದರೂ ಆ ಹೆಜ್ಜೆ ಕಾಣದಿದ್ದರೆ ಕಾಯುತ್ತಾ ಕೂರಬಾರದು.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. 2 ತಿಂಗಳು ಮೊದಲೇ ಹುಟ್ಟಿದ ಮಗುವಿಗೆ 6 ತಿಂಗಳು ತುಂಬಿದಾಗ, ಬೆಳವಣಿಗೆಯ ಮಟ್ಟಿಗೆ ಅದನ್ನು 4 ತಿಂಗಳ ಮಗುವೆಂದೇ ಎಣಿಸಬೇಕು. 2 ವರ್ಷ ತುಂಬುವವರೆಗೂ ಈ ಲೆಕ್ಕವನ್ನು ಅನುಸರಿಸಲಾಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಮಗುವಿನ ಚಲನೆಗೆ ದುಬಾರಿ ಆಟಿಕೆಗಳ ಅಗತ್ಯವಿಲ್ಲ. ನೆಲದ ಮೇಲೆ ಹಾಸಿದ ಒಂದು ಚಾಪೆ, ಅದರ ಮೇಲೊಂದು ಬಟ್ಟೆ, ಪಕ್ಕದಲ್ಲಿ ಕುಳಿತು ಮಾತನಾಡಿಸುವ ಒಬ್ಬರು ಇದ್ದರೆ ಸಾಕು.

ಮಗು ಎಚ್ಚರವಿರುವಾಗ ಅದನ್ನು ಹೊಟ್ಟೆಯ ಮೇಲೆ ಕವುಚಿ ಮಲಗಿಸಿ. ಮೊದಲ ದಿನಗಳಲ್ಲಿ ಒಂದೆರಡು ನಿಮಿಷ ಸಾಕು. ಕ್ರಮೇಣ ಹೆಚ್ಚಿಸುತ್ತಾ, ದಿನವಿಡೀ ಸೇರಿ ಕನಿಷ್ಠ 30 ನಿಮಿಷವಾದರೂ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ. ಇದರಿಂದ ಕುತ್ತಿಗೆ, ಭುಜ ಮತ್ತು ಬೆನ್ನು ಬಲಗೊಳ್ಳುತ್ತವೆ. ಆಗ ಮಗುವಿನ ಬಳಿ ಯಾರಾದರೂ ಇರಲೇಬೇಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವಾಗಿಯೇ ಮಲಗಿಸಬೇಕು.

ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದು ನಮ್ಮ ಊರಿನ ಒಳ್ಳೆಯ ರೂಢಿ. ಮೃದುವಾಗಿ ನೀವಿದರೆ ಮಗುವಿಗೆ ಹಿತವಾಗುತ್ತದೆ. ಆದರೆ ಕೈಕಾಲುಗಳನ್ನು ಬಲವಂತವಾಗಿ ಎಳೆಯುವುದು, ತಲೆಕೆಳಗಾಗಿ ಹಿಡಿಯುವುದು, ಮೇಲಕ್ಕೆ ಎಸೆದು ಹಿಡಿಯುವುದು ಬೇಡ. ಬಟ್ಟೆಯಲ್ಲಿ ಸುತ್ತುವಾಗ ಕಾಲುಗಳನ್ನು ನೇರವಾಗಿ ಚಾಚಿ ಬಿಗಿಯಬಾರದು. ಇದರಿಂದ ಸೊಂಟದ ಕೀಲು ಜಾರುವ ಅಪಾಯ ಹೆಚ್ಚುತ್ತದೆ. ಕಾಲುಗಳು ಮಡಚಿ, ಅಗಲಿಸಿ ಆಡುವಷ್ಟು ಸಡಿಲವಿರಲಿ.

ಮಗು ಹುಟ್ಟಿತೆಂದರೆ ಊರಿಗೆ ಬರುವ ಗಲ್ಫಿನ ನೆಂಟರು ತರುವ ಉಡುಗೊರೆಗಳಲ್ಲಿ ವಾಕರ್ ಕೂಡ ಒಂದು. ಮಗು ಇದರಿಂದ ಬೇಗ ನಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ಚಕ್ರವಿರುವ ವಾಕರಿನಲ್ಲಿ ಮಗು ಕ್ಷಣಮಾತ್ರದಲ್ಲಿ ಮೆಟ್ಟಿಲ ಬಳಿಗೋ ಒಲೆಯ ಬಳಿಗೋ ತಲುಪಿಬಿಡುತ್ತದೆ. ಕೆನಡಾ ದೇಶವು 2004ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿದೆ. ಅದರ ಬದಲು ಮಗು ಗಟ್ಟಿಯಾದ ಬೆಂಚನ್ನೋ ಮಂಚವನ್ನೋ ಹಿಡಿದು ನಿಲ್ಲಲಿ, ಬರಿಗಾಲಿನಲ್ಲಿ ಹೆಜ್ಜೆಯಿಡಲಿ.

ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿ.ವಿ. ತೋರಿಸಿ ಸುಮ್ಮನಿರಿಸುವುದೂ ಸಲ್ಲದು. ಕಣ್ಣೆದುರಿನ ಪರದೆ ಮಗುವನ್ನು ಕುಳಿತಲ್ಲೇ ಕಟ್ಟಿಹಾಕುತ್ತದೆ.

ಯಾವಾಗ ವೈದ್ಯರಲ್ಲಿಗೆ ಹೋಗಬೇಕು?

- 4 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮುಷ್ಟಿ ಸದಾ ಬಿಗಿಯಾಗಿಯೇ ಇದ್ದರೆ
- 9 ತಿಂಗಳಾದರೂ ಆಧಾರವಿಲ್ಲದೆ ಕುಳಿತುಕೊಳ್ಳದಿದ್ದರೆ
- 12 ತಿಂಗಳಾದರೂ ಹಿಡಿದುಕೊಂಡು ನಿಲ್ಲದಿದ್ದರೆ
- 18 ತಿಂಗಳಾದರೂ ನಡೆಯದಿದ್ದರೆ
- ಒಂದು ವರ್ಷದೊಳಗೆ ಒಂದೇ ಕೈಯನ್ನು ಬಳಸಿ, ಇನ್ನೊಂದನ್ನು ಉಪಯೋಗಿಸದಿದ್ದರೆ
- ಮೈ ತೀರಾ ಸೆಟೆದಂತೆ ಅಥವಾ ತೀರಾ ಸಡಿಲವಾಗಿದ್ದರೆ, ಎತ್ತಿದಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡರೆ
- ಮೊದಲು ಮಾಡುತ್ತಿದ್ದುದನ್ನು ಮಗು ಈಗ ಮಾಡದಿದ್ದರೆ

ಕೊನೆಯದು ಯಾವ ವಯಸ್ಸಿನಲ್ಲಿ ಕಂಡರೂ ತಡಮಾಡಬಾರದು. ಹುಟ್ಟಿದ ಕೂಡಲೇ ಅಳದ, ತೀರಾ ಕಡಿಮೆ ತೂಕದ, ಅಥವಾ ತೀವ್ರ ಕಾಮಾಲೆಯಾಗಿದ್ದ ಮಕ್ಕಳ ಬಗ್ಗೆ ಇನ್ನಷ್ಟು ಎಚ್ಚರ ಅಗತ್ಯ.

ಈ ದಿನಗಳನ್ನು ನೆನಪಿಡಲು ಸುಲಭ ದಾರಿಯೊಂದಿದೆ. ಲಸಿಕೆಯ ದಿನವನ್ನೇ ಪರಿಶೀಲನೆಯ ದಿನವಾಗಿಸಿ. 14 ವಾರದ ಲಸಿಕೆಗೆ ಹೋದಾಗ ಕುತ್ತಿಗೆಯ ಬಗ್ಗೆ, 9 ತಿಂಗಳ ಲಸಿಕೆಗೆ ಹೋದಾಗ ಕುಳಿತುಕೊಳ್ಳುವ ಬಗ್ಗೆ, 16 ತಿಂಗಳ ಬಳಿಕದ ಲಸಿಕೆಗೆ ಹೋದಾಗ ನಡಿಗೆಯ ಬಗ್ಗೆ ಕೇಳಿ. ತಾಯಿ ಕಾರ್ಡಿನಲ್ಲಿಯೂ ಬೆಳವಣಿಗೆಯ ಹಂತಗಳನ್ನು ಚಿತ್ರ ಸಹಿತ ಕೊಡಲಾಗಿದೆ.

"ಇವನ ಅಪ್ಪನೂ ತಡವಾಗಿಯೇ ನಡೆದದ್ದು"

ಮನೆಯ ಹಿರಿಯರು ಪ್ರೀತಿಯಿಂದಲೇ ಆಡುವ ಮಾತಿದು. ಹಲವು ಬಾರಿ ನಿಜವೂ ಹೌದು. ಆದರೆ ಈ ಮಾತನ್ನು ನಂಬಿ ಅಮೂಲ್ಯ ತಿಂಗಳುಗಳನ್ನು ಕಳೆದುಕೊಂಡ ಕುಟುಂಬಗಳೂ ಇವೆ. ಸೊಂಟದ ಕೀಲು ಜಾರಿರುವುದು ಮೊದಲ ಕೆಲವು ತಿಂಗಳಲ್ಲೇ ತಿಳಿದರೆ, ಹೆಚ್ಚಿನ ಮಕ್ಕಳಲ್ಲಿ ಪಟ್ಟಿ ಕಟ್ಟಿಯೇ ಸರಿಪಡಿಸಬಹುದು. ನಡೆಯುವ ವಯಸ್ಸಿನಲ್ಲಿ ತಿಳಿದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಥೈರಾಯ್ಡ್ ಕೊರತೆಯಿಂದ ಹಿಂದುಳಿಯುವ ಮಗುವಿಗೆ ಹುಟ್ಟಿದ ಮೊದಲ ವಾರಗಳಲ್ಲೇ ಮಾತ್ರೆ ಆರಂಭಿಸಿದರೆ ಮೆದುಳಿಗೆ ಆಗುವ ಹಾನಿ ತಪ್ಪುತ್ತದೆ. ಸೆರೆಬ್ರಲ್ ಪಾಲ್ಸಿ ಪೂರ್ತಿ ಗುಣವಾಗದಿದ್ದರೂ, ಬೇಗನೆ ಫಿಸಿಯೋಥೆರಪಿ ತೊಡಗಿದ ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳುವಷ್ಟು ಕಲಿಯುವ ಸಾಧ್ಯತೆ ಹೆಚ್ಚು. ಮೆದುಳು ಅತಿವೇಗವಾಗಿ ಬೆಳೆಯುವುದು ಮೊದಲ 2 ವರ್ಷಗಳಲ್ಲಿ.

ಹರಕೆ ಹೊರುವುದು, ಪ್ರಾರ್ಥಿಸುವುದು ನಮ್ಮ ವಿಶ್ವಾಸದ ಭಾಗ. ಅದರೊಂದಿಗೆ ವೈದ್ಯರಲ್ಲಿಗೂ ಹೋಗೋಣ. ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧವಲ್ಲ.

ನೆರವು ಎಲ್ಲಿ ಸಿಗುತ್ತದೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ. ಬೆಳವಣಿಗೆಯ ವಿಳಂಬವೂ ಅದರಲ್ಲಿ ಸೇರಿದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ, ಅಗತ್ಯವಿದ್ದಲ್ಲಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿಕೊಡುತ್ತಾರೆ.

ವಾಳೆಯ ಗುರಿಕಾರರು, ಮನೆ ಭೇಟಿ ಮಾಡುವ ಧರ್ಮಭಗಿನಿಯರು, ಸ್ತ್ರೀ ಸಂಘಟನೆಯ ಸದಸ್ಯೆಯರು ಇಲ್ಲಿ ಬಹಳಷ್ಟು ಮಾಡಬಹುದು. ಪತಿ ವಿದೇಶದಲ್ಲಿದ್ದು, ಮಗುವಿನೊಂದಿಗೆ ಒಬ್ಬಳೇ ಇರುವ ತಾಯಿಗೆ ತನ್ನ ಆತಂಕ ಹೇಳಿಕೊಳ್ಳಲು ಒಬ್ಬರು ಬೇಕು. "ಇನ್ನೂ ನಡೆಯುವುದಿಲ್ಲವಾ?" ಎಂದು ಹತ್ತು ಜನರ ಮುಂದೆ ಕೇಳಿ ಆಕೆಯನ್ನು ನೋಯಿಸುವ ಬದಲು, "ನಾಳೆ ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ" ಎನ್ನೋಣ. ಮಗು ತಡವಾಗಿ ನಡೆದರೆ ಅದು ತಾಯಿಯ ತಪ್ಪೂ ಅಲ್ಲ, ಯಾರ ಪಾಪದ ಫಲವೂ ಅಲ್ಲ.

ಪ್ರತಿ ಮಗುವೂ ದೇವರ ವರದಾನ. ಅದು ಬೇಗ ನಡೆಯಲಿ, ತಡವಾಗಿ ನಡೆಯಲಿ, ಗಾಲಿಕುರ್ಚಿಯಲ್ಲಿಯೇ ಬರಲಿ, ಮೊಂತಿ ಹಬ್ಬದ ಹೂವಿನ ಸಾಲಿನಲ್ಲಿ ಅದಕ್ಕೊಂದು ಜಾಗವಿರಲಿ.