ಮೇಘದ ಉಗ್ರಾಣಕ್ಕೆ ಬಾಗಿಲ ಕಾವಲು

‘ಮೇಘ ಸಂಗ್ರಹ’ ಎಂಬ ಮಾತನ್ನು ಕೇಳಿದವರು ಆಕಾಶದ ಕಡೆಗೆ ನೋಡಬೇಕಾಗಿಲ್ಲ. ಹೆಸರು ಮಾತ್ರ ಕಾವ್ಯಮಯವಾದುದು. ವಸ್ತುವಾದರೋ ನೆಲದ ಮೇಲಿನ ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಗಣಕಯಂತ್ರಗಳು. ಆಸ್ಪತ್ರೆಗಳ ರೋಗಿವಿವರ, ಬ್ಯಾಂಕುಗಳ ಲೆಕ್ಕ, ನಮ್ಮ ನಿಮ್ಮ ಭಾವಚಿತ್ರ, ಎಲ್ಲವೂ ಇಂದು ಬಾಡಿಗೆಯ ಮೇರೆಗೆ ಅಲ್ಲಿ ಶೇಖರವಾಗುತ್ತಿವೆ. ಇಂಥ ಉಗ್ರಾಣಗಳಲ್ಲಿ ಬಹು ಪ್ರಸಿದ್ಧವಾದುದು ಅಮೆಜಾನ್ ಸಂಸ್ಥೆಯು 2006ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಆರಂಭಿಸಿದ ‘ಎಸ್-3’. ಇದರಲ್ಲಿ ಒಬ್ಬೊಬ್ಬ ಬಾಡಿಗೆದಾರನೂ ತನಗೆ ಬೇಕಾದಷ್ಟು ಕೋಣೆಗಳನ್ನು ಪಡೆಯಬಹುದು. ಆ ಕೋಣೆಗೆ ಅವರಿಟ್ಟ ಹೆಸರು ‘ಬಕೆಟ್’. ಬಚ್ಚಲಮನೆಯ ಬಕೆಟ್ಟಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.

ಪರರ ಕಟ್ಟಡದಲ್ಲಿ ನಮ್ಮ ಗುಟ್ಟಿನ ಕಾಗದಪತ್ರಗಳನ್ನಿಟ್ಟ ಮೇಲೆ ಅವನ್ನು ಕಂಡವರು ಓದದಂತೆ ಮಾಡುವುದು ಹೇಗೆ? ಇದಕ್ಕೆ ಗೂಢಲಿಪಿಯೇ ಉಪಾಯ. ಇಂದು ಬಳಕೆಯಲ್ಲಿರುವ ಮುಖ್ಯ ವಿಧಾನಕ್ಕೆ ‘ಎಇಎಸ್’ ಎಂದು ಹೆಸರು. ಬೆಲ್ಜಿಯಂ ದೇಶದ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ಇಬ್ಬರು ವಿದ್ವಾಂಸರು ರಚಿಸಿದ ಈ ವಿಧಾನವನ್ನು ಅಮೆರಿಕದ ಸರಕಾರವು 2001ರಲ್ಲಿ ತನ್ನ ಅಧಿಕೃತ ಮಾನಕವಾಗಿ ಸ್ವೀಕರಿಸಿತು. ಇದರಲ್ಲಿ ಕಡತವನ್ನು 128 ಬಿಟ್ಟುಗಳ ತುಂಡುಗಳಾಗಿ ಮಾಡಿಕೊಂಡು, ಒಂದೊಂದು ತುಂಡನ್ನೂ ಕೀಲಿಸಂಖ್ಯೆಯೊಂದರ ಸಹಾಯದಿಂದ ಮತ್ತೆ ಮತ್ತೆ ಕಲಸಲಾಗುತ್ತದೆ. ಕೀಲಿಯು 256 ಬಿಟ್ಟುಗಳದ್ದಾದರೆ ಈ ಕಲಸುವಿಕೆ ಹದಿನಾಲ್ಕು ಸುತ್ತು ನಡೆಯುತ್ತದೆ. ಅಷ್ಟುದ್ದದ ಕೀಲಿಗಳು ಒಟ್ಟು ಎಷ್ಟಿರಬಹುದೆಂದು ಲೆಕ್ಕ ಹಾಕಿದರೆ 78 ಅಂಕಿಗಳ ಸಂಖ್ಯೆಯೊಂದು ಬರುತ್ತದೆ. ಒಂದೊಂದನ್ನಾಗಿ ಪರೀಕ್ಷಿಸಿ ಬೀಗ ತೆಗೆಯುತ್ತೇನೆಂದು ಹೊರಟವನಿಗೆ ಸೂರ್ಯನ ಆಯುಷ್ಯವೂ ಸಾಲದು.

ಬೀಗವೇನೋ ಭದ್ರ. ಆದರೆ ಅದನ್ನು ಹಾಕುವವರಾರು? ಒಂದು ದೊಡ್ಡ ಆಸ್ಪತ್ರೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಕ್ಷಕಿರಣ ವಿಭಾಗದ್ದು ಒಂದು ಕ್ರಮವಿಧಿ, ರಕ್ತಪರೀಕ್ಷೆಯದು ಇನ್ನೊಂದು, ಲೆಕ್ಕಪತ್ರದವರದು ಮತ್ತೊಂದು, ಹೀಗೆ ಹತ್ತು ಕ್ರಮವಿಧಿಗಳು ಒಂದೇ ಬಕೆಟ್ಟಿಗೆ ಕಡತಗಳನ್ನು ಏರಿಸುತ್ತಿವೆ. ಪ್ರತಿಯೊಂದು ಕಡತದ ಜೊತೆಗೂ, ಅಂಚೆಯ ಲಕೋಟೆಯ ಮೇಲೆ ವಿಳಾಸ ಬರೆಯುವಂತೆ, ಕೆಲವು ಸೂಚನೆಗಳನ್ನು ಬರೆದು ಕಳುಹಿಸುವ ಪದ್ಧತಿಯುಂಟು. ಇವುಗಳಿಗೆ ‘ಹೆಡರ್’ ಎನ್ನುತ್ತಾರೆ. ‘ಇದನ್ನು ಗೂಢಲಿಪಿಗೆ ತಿರುಗಿಸಿ ಇಡತಕ್ಕದ್ದು’ ಎಂಬ ಹೆಡರನ್ನು ಉಗ್ರಾಣವು ಗುರುತಿಸತೊಡಗಿದ್ದು 2011ರಿಂದ. ಆ ಕಾಲದಲ್ಲಿ, ಸೂಚನೆಯಿದ್ದರೆ ಕಡತಕ್ಕೆ ಬೀಗ ಬೀಳುತ್ತಿತ್ತು. ಇಲ್ಲದಿದ್ದರೆ ಕಡತವು ತೆರೆದ ಪುಸ್ತಕದಂತೆಯೇ ಕುಳಿತಿರುತ್ತಿತ್ತು. ಒಂಬತ್ತು ಕ್ರಮವಿಧಿಗಳನ್ನು ಬರೆದವರು ಜಾಗರೂಕರು, ಹತ್ತನೆಯದನ್ನು ಬರೆದವನು ಮರೆಗುಳಿ ಎಂದರೆ ಮುಗಿಯಿತು. ಎಲ್ಲರಿಗೂ ಸುತ್ತೋಲೆ ಕಳುಹಿಸುವುದರಿಂದ ಈ ರೋಗ ವಾಸಿಯಾಗುವುದಿಲ್ಲವೆಂಬುದು ಕಚೇರಿಗಳನ್ನು ಕಂಡವರಿಗೆಲ್ಲ ಗೊತ್ತು.

ಆದುದರಿಂದ ಕಾವಲನ್ನು ಬಾಗಿಲಲ್ಲಿಯೇ ನಿಲ್ಲಿಸುವುದು ಮೇಲು. ಎಸ್-3ರಲ್ಲಿ ಪ್ರತಿ ಬಕೆಟ್ಟಿಗೂ ಒಂದು ನಿಯಮಪತ್ರವನ್ನು ಅಂಟಿಸಬಹುದು. ಯಾರು, ಯಾವ ಕೆಲಸವನ್ನು, ಯಾವ ವಸ್ತುವಿನ ಮೇಲೆ, ಯಾವ ಷರತ್ತಿನಲ್ಲಿ ಮಾಡಬಹುದು ಅಥವಾ ಮಾಡಕೂಡದು ಎಂಬುದನ್ನು ಇದರಲ್ಲಿ ಗಣಕಕ್ಕೆ ತಿಳಿಯುವ ಭಾಷೆಯಲ್ಲಿ ಬರೆದಿರುತ್ತದೆ. ನಮ್ಮ ಆಸ್ಪತ್ರೆಯವರು ಬರೆಯಬೇಕಾದ ವಾಕ್ಯದ ಅರ್ಥ ಇಷ್ಟೇ: ‘ಯಾರೇ ಆಗಲಿ, ಈ ಬಕೆಟ್ಟಿಗೆ ಕಡತವನ್ನು ಏರಿಸಲು ಬಂದಾಗ, ಗೂಢಲಿಪಿಯ ಹೆಡರು ಇಂತಹ ಬೆಲೆಗೆ ಸಮಾನವಾಗಿಲ್ಲದಿದ್ದರೆ, ನಿರಾಕರಿಸು.’ ಹಾಗೆ ಬಂದವನಿಗೆ 403 ಎಂಬ ಸಂಖ್ಯೆಯೊಡನೆ ‘ಪ್ರವೇಶವಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಕಡತವು ಒಳಕ್ಕೆ ಕಾಲಿಡುವುದೇ ಇಲ್ಲ.

ಅನುಮತಿಗಿಂತ ನಿರಾಕರಣೆಗೆ ಇಲ್ಲಿ ಹೆಚ್ಚಿನ ಬಲವಿದೆ ಎಂಬುದು ಮುಖ್ಯವಾದ ಸಂಗತಿ. ಯಾವ ನಿಯಮವೂ ಮಾತನಾಡದಿದ್ದರೆ ಉತ್ತರ ‘ಇಲ್ಲ’. ಒಂದು ನಿಯಮ ಅನುಮತಿ ಕೊಟ್ಟರೆ ‘ಹೌದು’. ಆದರೆ ನೂರು ನಿಯಮಗಳು ಅನುಮತಿಸಿ ಒಂದೇ ಒಂದು ಸ್ಪಷ್ಟವಾಗಿ ನಿರಾಕರಿಸಿದರೂ ಉತ್ತರ ಮತ್ತೆ ‘ಇಲ್ಲ’. ಹತ್ತು ಕ್ರಮವಿಧಿಗಳಿಗೆ ಯಾರು ಯಾರು ಏನೇನು ಅನುಮತಿ ಕೊಟ್ಟಿದ್ದಾರೆಂದು ಹುಡುಕಿ ತಿದ್ದುವ ತಾಪತ್ರಯ ಇದರಿಂದ ತಪ್ಪುತ್ತದೆ.

ತರ್ಕಶಾಸ್ತ್ರದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹೆಡರಿನಲ್ಲಿ ತಪ್ಪು ಬೆಲೆಯಿದ್ದರೆ ಅದು ಸಮಾನವಲ್ಲ, ಸರಿ. ಹೆಡರೇ ಇಲ್ಲದಿದ್ದರೆ? ಇಲ್ಲದ ವಸ್ತು ಯಾವುದಕ್ಕೂ ಸಮಾನವಾಗಲಾರದು. ಆದುದರಿಂದ ‘ಸಮಾನವಲ್ಲ’ ಎಂಬ ಷರತ್ತು ಅಲ್ಲಿಯೂ ನಿಜವಾಗುತ್ತದೆ, ಮೌನವಾಗಿ ಬಂದ ಕಡತವೂ ತಿರಸ್ಕೃತವಾಗುತ್ತದೆ. ಇದು ಮೊದಲು ಬೇಕಾದ ಗುಣವೇ ಆಗಿತ್ತು. ಆದರೆ ಕಾಲ ಬದಲಾಯಿತು. 2023ರ ಜನವರಿ 5ರಿಂದ, ಯಾರು ಕೇಳಲಿ ಬಿಡಲಿ, ಹೊಸ ಕಡತಗಳೆಲ್ಲವನ್ನೂ ಉಗ್ರಾಣವು ತಾನಾಗಿಯೇ ಗೂಢಲಿಪಿಗೆ ತಿರುಗಿಸಿ ಇಡುತ್ತಿದೆ. ಯಾವ ಬಗೆಯ ಕೀಲಿಯಿಂದ ತಿರುಗಿಸಬೇಕೆಂಬುದನ್ನು ಬಕೆಟ್ಟಿನ ಒಡೆಯನು ಮೊದಲೇ ಗೊತ್ತುಮಾಡಿಡಬಹುದು. ಈಗ ಮೌನವಾಗಿ ಬಂದ ಕಡತವನ್ನು ಒಳಕ್ಕೆ ಬಿಟ್ಟರೂ ಕೇಡಿಲ್ಲ. ಆದರೂ ಹಳೆಯ ನಿಯಮಪತ್ರವಿರುವ ಕಡೆ ಅದು ಹೊರಗೇ ನಿಲ್ಲುತ್ತದೆ. ಕಾರಣವೇನೆಂದರೆ, ಕಾವಲುಗಾರನು ಪರೀಕ್ಷಿಸುವುದು ಬಂದ ಕೋರಿಕೆಯನ್ನೇ ಹೊರತು ಒಳಗೆ ಮುಂದೆ ನಡೆಯಲಿರುವ ಸಂಸ್ಕಾರವನ್ನಲ್ಲ. ಮೌನಿಗಳನ್ನು ಬಿಟ್ಟು ತಪ್ಪು ಹೇಳಿದವರನ್ನು ಮಾತ್ರ ತಡೆಯಬೇಕಾದರೆ ‘ಹೆಡರು ಇದ್ದು, ಅದು ಸಮಾನವಾಗಿಲ್ಲದಿದ್ದರೆ’ ಎಂದು ಎರಡು ಷರತ್ತುಗಳನ್ನು ಜೋಡಿಸಬೇಕು. ಈ ವ್ಯತ್ಯಾಸವನ್ನು ಅರಿಯದೆ ತಲೆ ಕೆರೆದುಕೊಳ್ಳುವ ಎಂಜಿನಿಯರುಗಳು ಇಂದಿಗೂ ವಿರಳರಲ್ಲ.

ಎಲ್ಲಕ್ಕೂ ತಾನಾಗಿಯೇ ಬೀಗ ಬೀಳುವುದಾದರೆ ಕಾವಲುಗಾರನಿಗೆ ಏನು ಕೆಲಸ ಉಳಿಯಿತು? ವಾಸ್ತವವಾಗಿ ಮುಖ್ಯವಾದ ಕೆಲಸವೇ ಉಳಿದಿದೆ. ತಾನಾಗಿ ಬೀಳುವ ಬೀಗದ ಕೀಲಿ ಉಗ್ರಾಣದವರ ಕೈಯಲ್ಲಿಯೇ ಇರುತ್ತದೆ. ಕಡತವನ್ನು ಓದಲು ಯಾರಿಗೆ ಅನುಮತಿಯಿದೆಯೋ ಅವರಿಗೆ ಉಗ್ರಾಣವೇ ಬೀಗ ತೆಗೆದು ಕೊಡುತ್ತದೆ. ಅನುಮತಿಯನ್ನು ಅಜಾಗರೂಕತೆಯಿಂದ ಲೋಕಕ್ಕೆಲ್ಲ ಕೊಟ್ಟುಬಿಟ್ಟರೆ, ಲೋಕಕ್ಕೆಲ್ಲ ಬೀಗ ತೆಗೆದು ಕೊಡುತ್ತದೆ! 2017ರಲ್ಲಿ ಅಮೆರಿಕದ ಡೀಪ್ ರೂಟ್ ಅನಲಿಟಿಕ್ಸ್ ಎಂಬ ಸಂಸ್ಥೆಯ ಬಕೆಟ್ಟಿನಲ್ಲಿ ಸುಮಾರು 19.8 ಕೋಟಿ ಮತದಾರರ ವಿವರಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿದ್ದಿದ್ದುದು ಪತ್ತೆಯಾಯಿತು. ಇಂಥ ಅಚಾತುರ್ಯವನ್ನು ಈ ಬಗೆಯ ಬೀಗ ಎಳ್ಳಷ್ಟೂ ತಡೆಯುವುದಿಲ್ಲ.

ಎರಡನೆಯ ಬಗೆಯಲ್ಲಿ ಕೀಲಿಯನ್ನು ‘ಕೆಎಂಎಸ್’ ಎಂಬ ಬೇರೊಂದು ಇಲಾಖೆ ಕಾಯುತ್ತದೆ. ಕಡತವನ್ನು ಒಂದು ಕಿರುಗೀಲಿಯಿಂದ ಮುಚ್ಚಿ, ಆ ಕಿರುಗೀಲಿಯನ್ನು ಮತ್ತೊಂದು ಹಿರಿಗೀಲಿಯಿಂದ ಮುಚ್ಚಿ ಕಡತದ ಜೊತೆಗೇ ಇಡುತ್ತಾರೆ. ಹಿರಿಗೀಲಿಯು ಕೆಎಂಎಸ್ಸಿನ ಹೊರಕ್ಕೆ ಬರುವುದಿಲ್ಲ. ಓದಬೇಕಾದವನಿಗೆ ಈಗ ಎರಡು ಅನುಮತಿಗಳು ಬೇಕು: ಕಡತವನ್ನು ಪಡೆಯಲು ಒಂದು, ಕೀಲಿಯನ್ನು ಉಪಯೋಗಿಸಲು ಇನ್ನೊಂದು. ಬಕೆಟ್ಟನ್ನು ಮರೆತು ತೆರೆದಿಟ್ಟರೂ ಹೆಸರು ಹೇಳದೆ ಬಂದ ದಾರಿಹೋಕನಿಗೆ ಏನೂ ದಕ್ಕದು. ಆಸ್ಪತ್ರೆಯ ನಿಯಮಪತ್ರವು ಇಂದು ಒತ್ತಾಯಪಡಿಸಬೇಕಾದುದು ಇದನ್ನು. ಬೇಕಾದರೆ ‘ಇಂಥ ಸಂಖ್ಯೆಯ ಕೀಲಿಯೇ ಆಗಬೇಕು’ ಎಂದೂ ವಿಧಿಸಬಹುದು.

ಎರಡು ಕೀಲಿಗಳೂ ಒಬ್ಬನ ಸೊಂಟದಲ್ಲಿಯೇ ತೂಗುತ್ತಿದ್ದರೆ ಈ ವ್ಯವಸ್ಥೆಯೂ ವ್ಯರ್ಥ. 2019ರಲ್ಲಿ ಕ್ಯಾಪಿಟಲ್ ಒನ್ ಎಂಬ ಅಮೆರಿಕದ ಬ್ಯಾಂಕಿನ ಉಗ್ರಾಣದಿಂದ ಸುಮಾರು 10.6 ಕೋಟಿ ಜನರ ವಿವರಗಳು ಕಳುವಾದುವು. ಸರಿಯಾಗಿ ಅಣಿಗೊಳಿಸದ ರಕ್ಷಣಾ ಕ್ರಮವಿಧಿಯೊಂದರ ಮೂಲಕ ನುಗ್ಗಿದ ವ್ಯಕ್ತಿಗೆ ಆ ಕ್ರಮವಿಧಿಯ ಅಧಿಕಾರವೆಲ್ಲ ಕೈವಶವಾಯಿತು. ವಿವರಗಳು ಗೂಢಲಿಪಿಯಲ್ಲಿಯೇ ಇದ್ದುವು. ಆದರೆ ಹೊಕ್ಕ ದಾರಿಯೇ ಬಿಡಿಸುವ ಅಧಿಕಾರವನ್ನೂ ಒದಗಿಸಿತೆಂದು ಬ್ಯಾಂಕೇ ಒಪ್ಪಿಕೊಂಡಿತು. ಮರುವರ್ಷ ಅದಕ್ಕೆ 8 ಕೋಟಿ ಡಾಲರುಗಳ ದಂಡ ಬಿತ್ತು.

ಇಷ್ಟು ಹೊತ್ತು ಹೇಳಿದ್ದು ನೆಲೆಸಿದ ಕಡತದ ರಕ್ಷಣೆ. ದಾರಿಯಲ್ಲಿ ಬರುವಾಗಿನ ರಕ್ಷಣೆ ಬೇರೆ. ಭದ್ರವಾದ ಸಂಪರ್ಕದ ಮೂಲಕ ಬಾರದ ಕೋರಿಕೆಯನ್ನೆಲ್ಲ ನಿರಾಕರಿಸು ಎಂಬ ಒಂದು ವಾಕ್ಯ ಅದಕ್ಕೆ ಸಾಕು. ನಿಯಮಪತ್ರವು ಹಿಂದಕ್ಕೆ ನೋಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಅದನ್ನು ಅಂಟಿಸುವ ಮುನ್ನ ಒಳಸೇರಿದ ಕಡತಗಳು ಇದ್ದಂತೆಯೇ ಇರುತ್ತವೆ. ಅವನ್ನು ಹೊಸ ಕೀಲಿಯೊಡನೆ ಅದೇ ಜಾಗಕ್ಕೆ ಮತ್ತೆ ನಕಲು ಮಾಡಬೇಕು.

ಗೂಢಲಿಪಿಯು ಒಡೆಯನ ಮೇಲೆಯೇ ತಿರುಗಿಬಿದ್ದ ಪ್ರಸಂಗವೂ ಉಂಟು. ಬಾಡಿಗೆದಾರನು ತನ್ನದೇ ಕೀಲಿಯನ್ನು ಪ್ರತಿ ಸಲವೂ ತಂದು ಕೊಡುವ ಮೂರನೆಯ ವಿಧಾನವೊಂದಿದೆ. ಉಗ್ರಾಣವು ಆ ಕೀಲಿಯಿಂದ ಕೆಲಸ ಮುಗಿಸಿ ಅದನ್ನು ಮರೆತುಬಿಡುತ್ತದೆ. ಮುಂದಿನ ಸಲ ತಂದುದು ಅದೇ ಕೀಲಿಯೇ ಎಂದು ತಾಳೆ ನೋಡಲು ಒಂದು ಗುರುತನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಆ ಗುರುತಿನಿಂದ ಕೀಲಿಯನ್ನು ಪುನಃ ಪಡೆಯಲಾಗದು. 2025ರ ಜನವರಿಯಲ್ಲಿ ಬೆಳಕಿಗೆ ಬಂದ ಕೃತ್ಯದಲ್ಲಿ, ಅನ್ಯರ ಪ್ರವೇಶಸಂಕೇತಗಳನ್ನು ಕದ್ದ ದುಷ್ಕರ್ಮಿಗಳು ಬಕೆಟ್ಟುಗಳಲ್ಲಿದ್ದ ಕಡತಗಳನ್ನು ತಮ್ಮ ಕೀಲಿಯಿಂದ ಪುನಃ ಮುಚ್ಚಿ, ಕೀಲಿ ಬೇಕಾದರೆ ಹಣ ಕೊಡಿ ಎಂದರು. ಕಡತ ಇದ್ದಲ್ಲಿಯೇ ಇದೆ, ಒಡೆಯನಿಗೆ ಓದಲಾಗದು, ಉಗ್ರಾಣದವರೂ ನಿರುಪಾಯರು. ಇದಕ್ಕೂ ನಿಯಮಪತ್ರದಲ್ಲಿ ಒಂದು ವಾಕ್ಯದ ಪರಿಹಾರವಿದೆ. ಮೊದಲಿನದು ‘ಹೆಡರು ಇಲ್ಲದಿದ್ದರೆ ನಿರಾಕರಿಸು’ ಎಂದಿದ್ದರೆ ಇದು ‘ಸ್ವಂತ ಕೀಲಿಯ ಹೆಡರು ಇದ್ದರೆ ನಿರಾಕರಿಸು’ ಎನ್ನುತ್ತದೆ. ಆ ವಿಧಾನವನ್ನು ಉಪಯೋಗಿಸುವ ಸಂಸ್ಥೆಗಳು ಕೆಲವೇ. ಉಳಿದವರೆಲ್ಲರೂ ಈ ವಾಕ್ಯವನ್ನು ನಿಶ್ಚಿಂತೆಯಿಂದ ಸೇರಿಸಿಕೊಳ್ಳಬಹುದು.