ಅಗೆದವರೇ ಬೆಟ್ಟ ಕಟ್ಟಬೇಕು: ಸಂಡೂರು ಕಲಿಸಿದ ಲೆಕ್ಕ

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಸಾಲು ಎದುರಾಗುತ್ತದೆ. ಸಾಲುಗಳ ನಡುವೆ ಊರು, ಹೊಲ, ನಾರಿಹಳ್ಳ. ಹಳ್ಳವು ಬೆಟ್ಟವನ್ನು ಸೀಳಿ ಹಾಯುವ ಕಡೆಗಳಿಗೆ ಭೀಮಗಂಡಿ, ಓಬಳಗಂಡಿ ಎಂದು ಹೆಸರು. ಮೇಲೆ ಸ್ವಾಮಿಮಲೆಯ ಕಾಡು, ಅದರೊಳಗೆ ಕುಮಾರಸ್ವಾಮಿ ಮತ್ತು ಪಾರ್ವತಿಯರ ಹಳೆಯ ಗುಡಿಗಳು. ಮಳೆಗಾಲದಲ್ಲಿ ನೋಡಿದವರು ಇದನ್ನು ಬಯಲುಸೀಮೆ ಎಂದು ಒಪ್ಪುವುದು ಕಷ್ಟ.

ಈ ಬೆಟ್ಟಗಳ ಒಡಲಲ್ಲಿ ಉತ್ತಮ ದರ್ಜೆಯ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ಗಣಿಗಾರಿಕೆ ಇಲ್ಲಿಗೆ ಹೊಸದಲ್ಲ. ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾದದ್ದು 1954ರಲ್ಲಿ. ದೋಣಿಮಲೈನಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿ ದಶಕಗಳಿಂದ ಅದಿರು ತೆಗೆಯುತ್ತಿದೆ. 2000ರ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಮಾತ್ರ ಬೆಟ್ಟಗಳ ಮೇಲೆ ದಾಳಿಯೇ ನಡೆಯಿತು. ಗಡಿಕಲ್ಲುಗಳು ಕಾಣೆಯಾದವು, ಗುತ್ತಿಗೆ ಇಲ್ಲದ ಕಾಡಿನಲ್ಲೂ ಅಗೆತ ನಡೆಯಿತು. ಅದಿರು ಲಾರಿಗಳ ಧೂಳಿಗೆ ರಸ್ತೆ ಬದಿಯ ಬೆಳೆ ಕೆಂಪಾಯಿತು. ಮಳೆ ಬಂದಾಗ ಗಣಿಮಣ್ಣು ಹಳ್ಳಕ್ಕೆ ಇಳಿಯಿತು.

ಎಸ್‌.ಆರ್‌. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಈ ಅಕ್ರಮದ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2011ರ ಜುಲೈ 27ರಂದು ಲೋಕಾಯುಕ್ತ ಎನ್‌. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಕುರಿತು ತಮ್ಮ ವರದಿ ಕೊಟ್ಟರು. ಎರಡೇ ದಿನದಲ್ಲಿ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ತಡೆ ಬಿತ್ತು. 166 ಗುತ್ತಿಗೆಗಳನ್ನು ಅಳೆದು, ಉಲ್ಲಂಘನೆಯ ಮಟ್ಟ ನೋಡಿ ಎ, ಬಿ, ಸಿ ಎಂದು ಮೂರು ಗುಂಪು ಮಾಡಲಾಯಿತು. ಉಲ್ಲಂಘನೆ ಅತಿಯಾಗಿದ್ದ ಸಿ ವರ್ಗದ 49 ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪು ರದ್ದು ಮಾಡಿತು.

ಉಳಿದವರಿಗೆ ಕೋರ್ಟು ಹಾಕಿದ ಷರತ್ತಿನಲ್ಲೇ ಸಂಡೂರಿನ ನಿಜವಾದ ಪಾಠವಿದೆ. ಪ್ರತಿ ಗಣಿಗೂ ಪ್ರತ್ಯೇಕವಾಗಿ ಪುನಶ್ಚೇತನ ಯೋಜನೆ ಸಿದ್ಧವಾಗಬೇಕು. ಗಣಿಯವರು ಇದನ್ನು 'ಆರ್ ಅಂಡ್ ಆರ್ ಪ್ಲಾನ್' ಎನ್ನುತ್ತಾರೆ. ಯೋಜನೆ ತಯಾರಿಸುವ ಹೊಣೆ ಗಣಿ ಮಾಲೀಕನದ್ದಲ್ಲ, ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯದ್ದು. ಗಡಿ ಮೀರಿ ಅಗೆದ ಬಿ ವರ್ಗದವರು ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿ ಮೀರಿ ತ್ಯಾಜ್ಯ ಸುರಿದವರು ಹೆಕ್ಟೇರಿಗೆ 1 ಕೋಟಿ ರೂಪಾಯಿ ತೆರಬೇಕಾಯಿತು.

ಯೋಜನೆಯ ಕೆಲಸ ಹೀಗಿದೆ. ಕಡಿದಾಗಿ ಸುರಿದ ತ್ಯಾಜ್ಯದ ಗುಡ್ಡೆಯನ್ನು ಮೆಟ್ಟಿಲುಗಳಾಗಿ ಇಳಿಜಾರು ಮಾಡಬೇಕು. ಗುಡ್ಡೆಯ ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತಲೂ ಮಳೆನೀರಿನ ಕಾಲುವೆ, ಕೊನೆಯಲ್ಲಿ ಹೂಳು ತಂಗುವ ಹೊಂಡ, ಕೆಳಗಿನ ಹಳ್ಳಗಳಿಗೆ ಚೆಕ್ ಡ್ಯಾಮ್. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಬಿತ್ತಿದರೆ ಬೇರು ಮಣ್ಣನ್ನು ಹಿಡಿಯುತ್ತದೆ, ಆಮೇಲೆ ಗಿಡ. ಈ ಕ್ರಮ ತಪ್ಪಿದರೆ ನೆಟ್ಟ ಸಸಿ ಮೊದಲ ದೊಡ್ಡ ಮಳೆಗೇ ಮಣ್ಣಿನೊಡನೆ ಹಳ್ಳ ಸೇರುತ್ತದೆ. ಎಷ್ಟು ಅಗೆಯಬಹುದು ಎಂಬುದಕ್ಕೂ ಮಿತಿ ಬಂತು: ವರ್ಷಕ್ಕೆ ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿಗೆ 50 ಲಕ್ಷ ಟನ್. ಮುಂದೆ ಈ ಮಿತಿ ಹಂತಹಂತವಾಗಿ ಸಡಿಲವಾಯಿತು.

ಹಾನಿಗೊಳಗಾದ ಜನರ ಪಾಲಿನ ಕೆಲಸ ಇನ್ನೂ ಬಾಕಿಯಿದೆ. ಅದಿರು ಮಾರಾಟದಿಂದ ಕೂಡಿಬಿದ್ದ ಸಾವಿರಾರು ಕೋಟಿ ರೂಪಾಯಿಯನ್ನು ನೀರು, ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಬಳಸುವ ಯೋಜನೆ ವರ್ಷಗಟ್ಟಲೆ ಕಡತದಲ್ಲೇ ಉಳಿದಿತ್ತು. ಅದರ ಮೇಲುಸ್ತುವಾರಿಗೆ 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಇತ್ತ ಸಂಡೂರಿನಲ್ಲಿ ಹೊಸ ಅಗೆತದ ಒತ್ತಡವೂ ನಿಂತಿಲ್ಲ. ಸರ್ಕಾರಿ ಕಂಪನಿ ಕೆಐಒಸಿಎಲ್‌ನ ದೇವದಾರಿ ಗಣಿಗೆ ಸುಮಾರು 400 ಹೆಕ್ಟೇರ್ ಕಾಡು ಕೊಡುವ ಪ್ರಶ್ನೆ 2024ರಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಗುಡ್ಡೆಯನ್ನು ಹಸಿರು ಮಾಡಬಹುದು, ಆದರೆ ಹಳೆಯ ಕಾಡನ್ನು ನೆಟ್ಟು ಬೆಳೆಸಲಾಗದು. ಪುನಶ್ಚೇತನ ಮಾಡುತ್ತೇವೆ ಎಂಬ ಮಾತು ಹೊಸ ಕಾಡು ಕಡಿಯಲು ಪರವಾನಗಿ ಆಗಬಾರದು.

ಅಗೆದವರೇ ಸರಿಪಡಿಸಬೇಕು ಎಂಬ ಈ ಲೆಕ್ಕ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಬೇಕು. ನಮ್ಮಲ್ಲಿ ಕಬ್ಬಿಣವಿಲ್ಲ, ಕಲ್ಲಿದೆ. ದೇವನಹಳ್ಳಿ ತಾಲ್ಲೂಕಿನ ಕೊಯಿರಾ, ತೈಲಗೆರೆ ಕಡೆಯ ಬಂಡೆಗಳು ಜಲ್ಲಿಯಾಗಿ, ಚಪ್ಪಡಿಯಾಗಿ ನಗರ ಸೇರುತ್ತಿವೆ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಬೇಲಿಯಿಲ್ಲದೆ ಬಿಟ್ಟುಹೋದ ಕ್ವಾರಿ ಗುಂಡಿ ದನಕರುಗಳಿಗೂ ಈಜಲು ಹೋದ ಮಕ್ಕಳಿಗೂ ಅಪಾಯ. ಬೆಂಗಳೂರಿನ ಅಂಚಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳಲ್ಲಿ ಇಂಥ ಗುಂಡಿಗಳಿಗೆ ನಗರದ ಕಸ ತುಂಬಿದ್ದೂ ಆಗಿದೆ.

ಕ್ವಾರಿ ಮುಚ್ಚುವ ಯೋಜನೆ ಗುತ್ತಿಗೆಯ ದಿನವೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕಾಣಬೇಕು. ಬೇಲಿ ಯಾವಾಗ, ಮೇಲ್ಮಣ್ಣು ಎಲ್ಲಿ, ಗಿಡ ಎಷ್ಟು, ಖರ್ಚು ಯಾರದ್ದು ಎಂದು ಗ್ರಾಮಸಭೆ ಕೇಳಬೇಕು. ಬಳ್ಳಾರಿಯಲ್ಲಿ ಈ ಪ್ರಶ್ನೆ ಕೇಳುವಷ್ಟರಲ್ಲಿ ಬೆಟ್ಟಗಳೇ ಕರಗಿದ್ದವು. ನಾವು ಮೊದಲೇ ಕೇಳೋಣ.