ಒಂದು ಬೀಗದ ಕೈಗೆ 24 ತಿಂಗಳು

2011ರ ಜನಗಣತಿಯಂತೆ ದೇಶದಲ್ಲಿ ಒಂಟಿ ಹೆಂಗಸರ ಸಂಖ್ಯೆ ಸುಮಾರು 7.14 ಕೋಟಿ. ಮದುವೆಯಾಗದವರು, ವಿಧವೆಯರು, ವಿಚ್ಛೇದಿತರು, ಗಂಡನಿಂದ ದೂರವಾದವರು ಎಲ್ಲರೂ ಸೇರಿದ ಲೆಕ್ಕ ಇದು. 2001ರಲ್ಲಿ 5.12 ಕೋಟಿ ಇತ್ತು. ಹತ್ತು ವರ್ಷದಲ್ಲಿ ಶೇ 39ರಷ್ಟು ಏರಿತು. ಅದೇ 2011ರಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ನಮ್ಮ ರಾಜ್ಯಕ್ಕಿಂತ ದೊಡ್ಡದಾದ ಒಂದು ಜನಸಮೂಹವನ್ನು ನಾವು ಈಗಲೂ ‘ಪಾಪ, ಒಬ್ಬಳೇ ಇದಾಳೆ’ ಎಂದು ಮರುಗುತ್ತ ಕೂತಿದ್ದೇವೆ.

ಇವರಲ್ಲಿ ಬೆಂಗಳೂರಿಗೆ ದುಡಿಯಲು ಬಂದವಳೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಯಸ್ಸು 29, ಸಂಬಳ 35,000. ಮೂವರು ಹಂಚಿಕೊಂಡ ಪಿಜಿ ಕೋಣೆಯಲ್ಲಿ ಅವಳ ಪಾಲಿಗೆ ಒಂದು ಮಂಚ, ಅರ್ಧ ಬೀರು. ರಾತ್ರಿ 10ಕ್ಕೆ ಗೇಟಿಗೆ ಬೀಗ. ಮೆಚ್ಚಿದವನ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ತಾರಸಿಯ ನೀರಿನ ಟ್ಯಾಂಕಿನ ಮರೆಯೇ ಗತಿ. ಊರಿಗೆ ಕಳಿಸಿ, ಖರ್ಚು ಕಳೆದು ತಿಂಗಳಿಗೆ 7,000 ಉಳಿಯುತ್ತದೆ. ಅವಳಿಗೆ ತನ್ನದೇ ಒಂದು ಬಾಗಿಲು ಬೇಕು.

ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆ 14,000 ಎಂದುಕೊಳ್ಳಿ. ಬೆಂಗಳೂರಿನ ಹಳೇ ರೂಢಿಯಂತೆ ಲೆಕ್ಕ ಹೀಗೆ:

ಹತ್ತು ತಿಂಗಳ ಅಡ್ವಾನ್ಸ್: 1,40,000
ಬ್ರೋಕರ್‌ಗೆ ಒಂದು ತಿಂಗಳು: 14,000
ಮೊದಲ ತಿಂಗಳ ಬಾಡಿಗೆ: 14,000
ಒಟ್ಟು: 1,68,000

ತಿಂಗಳಿಗೆ 7,000ದಂತೆ ಕೂಡಿಟ್ಟರೆ 24 ತಿಂಗಳು. ಇದೇ ಮನೆಗೆ ಅಷ್ಟಷ್ಟೇ ದುಡಿಯುವ ಗಂಡಹೆಂಡಿರು ಬಂದರೆ ತಲಾ 84,000, ಹನ್ನೆರಡೇ ತಿಂಗಳು. ಬಾಡಿಗೆ ಅವಳ ಸಂಬಳದ ಶೇ 40ನ್ನು ನುಂಗಿದರೆ, ಆ ದಂಪತಿಯ ಆದಾಯದಲ್ಲಿ ಶೇ 20ಕ್ಕೆ ನಿಲ್ಲುತ್ತದೆ. ಮನೆ ಬಿಡುವಾಗ ‘ಪೇಂಟಿಂಗ್’ ಅಂತ ಇನ್ನೊಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ.

ಹಣ ಹೊಂದಿಸಿಕೊಂಡು ಟು-ಲೆಟ್ ಬೋರ್ಡಿನ ಕೆಳಗೆ ನಿಂತರೆ ಸಂದರ್ಶನ ಶುರು.

“ಮದುವೆ ಆಗಿದೆಯೇನಮ್ಮಾ?”

“ಇಲ್ಲ ಆಂಟಿ.”

“ಹಂಗಾದ್ರೆ ಅಪ್ಪ ಅಮ್ಮ ಬಂದು ಮಾತಾಡ್ಲಿ. ಗಂಡು ಹುಡುಗರು ಮನೆಗೆ ಬರೋ ಹಾಗಿಲ್ಲ, ಈಗಲೇ ಹೇಳಿಬಿಡ್ತೀನಿ.”

ಕಾನೂನು ಈ ಆಂಟಿಯಷ್ಟು ಬಿಗಿಯಲ್ಲ. ವಯಸ್ಕರಿಬ್ಬರು ಮದುವೆಯಾಗದೆ ಕೂಡಿ ಬಾಳುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ನಟಿ ಖುಷ್ಬೂ ಪ್ರಕರಣದಲ್ಲಿ ಹೇಳಿದ್ದು 2010ರಲ್ಲಿ. ನಿಯಮದ ಷರತ್ತುಗಳೊಳಗೆ 24 ವಾರದವರೆಗೆ ಗರ್ಭಪಾತ ಮಾಡಿಸಿಕೊಳ್ಳುವ ಹಕ್ಕು ಅವಿವಾಹಿತೆಗೂ ಇದೆ ಎಂದು ಅದೇ ಕೋರ್ಟ್ ಹೇಳಿದ್ದು 2022ರ ಸೆಪ್ಟೆಂಬರ್ 29ರಂದು. ಆದರೆ ಕಾನೂನಿನಲ್ಲೂ ಒಂದು ಆಂಟಿ ಮೂಲೆ ಉಳಿದಿದೆ: 2021ರ ಬಾಡಿಗೆ ತಾಯ್ತನ ಕಾಯ್ದೆಯಂತೆ 35ರಿಂದ 45 ವರ್ಷದ ವಿಧವೆ ಅಥವಾ ವಿಚ್ಛೇದಿತೆಗೆ ಅವಕಾಶವಿದೆ, ಮದುವೆಯೇ ಆಗದವಳಿಗೆ ಇಲ್ಲ.

ದುಡ್ಡಿನ ಮೇಲಿನ ಹಿಡಿತವೂ ಬೆಳೆದಿದೆ. ತಾವೇ ಬಳಸುವ ಬ್ಯಾಂಕ್ ಖಾತೆ ಇರುವ ಮಹಿಳೆಯರು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಶೇ 78.6, ಕರ್ನಾಟಕದಲ್ಲಿ ಶೇ 88.7. ಖಾತೆ ಅವಳದು, ತೀರ್ಪು ಅವಳ ಪರ. ಬಾಗಿಲು ಮಾತ್ರ ಇನ್ನೊಬ್ಬರದು.

ದಾರಿ ಇಲ್ಲವೆಂದಲ್ಲ. ಕೇಂದ್ರದ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಯೋಜನೆಯಲ್ಲಿ ಇಬ್ಬರ ಕೋಣೆಗೆ ಸಂಬಳದ ಶೇ 10ಕ್ಕಿಂತ ಹೆಚ್ಚು ಬಾಡಿಗೆ ಕೇಳುವಂತಿಲ್ಲ. ನಮ್ಮ ಉದಾಹರಣೆಯವಳಿಗೆ 3,500, ಊಟ ಬೇರೆ. ಆದರೆ ವಾಸ ಸಾಮಾನ್ಯವಾಗಿ 3 ವರ್ಷಕ್ಕೆ ಸೀಮಿತ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಯ ಅಡ್ವಾನ್ಸ್ 2 ತಿಂಗಳು ದಾಟಬಾರದು ಎನ್ನುತ್ತದೆ. ಅದು ಬರೀ ಮಾದರಿ; ರಾಜ್ಯಗಳು ಕಾನೂನು ಮಾಡಿದರಷ್ಟೇ ಜಾರಿ. ಎರಡೇ ತಿಂಗಳ ಅಡ್ವಾನ್ಸಿನಂತೆ ಲೆಕ್ಕ ಹಾಕಿದರೆ ಅವಳು ಹೊಂದಿಸಬೇಕಾದ್ದು 56,000, ಎಂಟೇ ತಿಂಗಳು.

ಇಪ್ಪತ್ತನಾಲ್ಕರಲ್ಲಿ ಎಂಟು ಕಳೆದರೆ ಹದಿನಾರು. ಒಂದು ರೂಢಿ ಒಬ್ಬ ಹೆಣ್ಣನ್ನು ತಾರಸಿಯ ಟ್ಯಾಂಕಿನ ಹಿಂದೆ ಹೆಚ್ಚುವರಿಯಾಗಿ ನಿಲ್ಲಿಸುವ ತಿಂಗಳುಗಳು ಇವು. ಮನೆ ಬಾಡಿಗೆಗೆ ಕೊಡುವವರು ಎರಡೇ ಪ್ರಶ್ನೆ ಕೇಳಿದರೆ ಸಾಕು: ಯಾವತ್ತಿಂದ ಬರ್ತೀಯಮ್ಮಾ? ಬಾಡಿಗೆ ಎಷ್ಟನೇ ತಾರೀಕಿಗೆ ಕೊಡ್ತೀಯ?